ಹಳೆಯ ಸ್ಪೋರ್ಟ್ಸ್ ಕಾರಿನೊಳಗೆ ಬೇಡದ ಬಿಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದವನು. ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿತು. ಕೋಥ್ರೂಡ್‌ನ ನಮ್ಮ ಮನೆಯ ಕೆಳಗೆ 1971ರ ಒಂದು ಎಂಜಿಬಿ ನಿಂತಿದೆ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಬಟ್ಟೆಯ ಹುಡ್, ಏಸಿ ಇಲ್ಲ. ಏಪ್ರಿಲ್ ಬಂತೆಂದರೆ ಹಳೆಯ ಗಾಡಿ ಇಟ್ಟುಕೊಂಡ ಕನ್ನಡದ ಗೆಳೆಯರ ಫೋನು ಶುರುವಾಗುತ್ತದೆ. ಪುಣೆಯಿಂದ, ಮುಂಬೈಯಿಂದ, ಮಡಗಾಂವ್‌ನಿಂದ. ಗಾಡಿ ಬೇರೆ ಬೇರೆ, ದೂರು ಮಾತ್ರ ಒಂದೇ: ಎಂಜಿನ್ ಚೆನ್ನಾಗಿದೆ, ಒಳಗೆ ಕೂರಲು ಆಗುತ್ತಿಲ್ಲ, ಕಾಲು ಸುಡುತ್ತಿದೆ. ಅವರಿಗೆ ಫೋನಿನಲ್ಲಿ ಹೇಳುತ್ತಾ ಬಂದದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಹಳೆಯ ಗಾಡಿ ಅಂದಮೇಲೆ ಬಿಸಿ ಇರೋದೇ ಅಲ್ವಾ?

ಸ್ವಲ್ಪ ಇರುತ್ತದೆ, ಒಪ್ಪಿದೆ. ನಿಮ್ಮ ಪಾದಕ್ಕೂ ಎಂಜಿನ್ನಿಗೂ ನಡುವೆ ಒಂದು ತೆಳ್ಳನೆಯ ತಗಡು ಅಷ್ಟೇ ಇದೆ. ಸೈಲೆನ್ಸರ್ ಪೈಪು ಸೀಟಿನ ಅಡಿಯಲ್ಲೇ ಹಾದು ಹೋಗುತ್ತದೆ. ಆದರೆ ಚಪ್ಪಲಿ ಬಿಸಿಯಾಗುವಷ್ಟು, ಗೇರ್ ಹಿಡಿ ಮುಟ್ಟಲಾಗದಷ್ಟು ಬಿಸಿ ಈ ಗಾಡಿ ಹೊಸದಿದ್ದಾಗ ಇರಲಿಲ್ಲ. ಹಾಗಿದ್ದಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ. ಐವತ್ತು ವರ್ಷದಲ್ಲಿ ರಬ್ಬರ್ ಸವೆದಿದೆ, ಪ್ಯಾಕಿಂಗ್ ಉದುರಿದೆ, ಯಾರೋ ಎಲ್ಲೋ ತೂತು ಕೊರೆದು ಹಾಗೇ ಬಿಟ್ಟಿದ್ದಾರೆ. ಇವೆಲ್ಲ ಸರಿ ಮಾಡಬಹುದಾದ ಕೆಲಸಗಳೇ. "ಹಳೇ ಗಾಡಿ, ಹೀಗೇ" ಎಂದು ಮಿಸ್ತ್ರಿ ಹೇಳಿದರೆ ಒಪ್ಪಬೇಡಿ.

ಒಂದು ವಿಷಯ ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ಟೆಂಪರೇಚರ್ ಗೇಜ್ ಮೇಲೇರುತ್ತಿದ್ದರೆ ಅದು ಎಂಜಿನ್ ಬಿಸಿಯ ಸಮಸ್ಯೆ. ಅದನ್ನು ಮೊದಲು ನೋಡಿ. ಈ ಪುಟ ಇರುವುದು ಗೇಜ್ ಮುಳ್ಳು ಸರಿಯಾದ ಜಾಗದಲ್ಲಿದ್ದೂ ಒಳಗೆ ಬೇಯುತ್ತಿರುವವರಿಗೆ.

ಎಲ್ಲಿಂದ ಶುರು ಮಾಡಲಿ? ಬೆಳ್ಳಿ ಬಣ್ಣದ ಶೀಟ್ ತಂದು ಹಾಕಿಸಿಬಿಡಲೇ?

ದಯವಿಟ್ಟು ಬೇಡ. ಎಲ್ಲರೂ ಮೊದಲು ಮಾಡುವುದು ಅದನ್ನೇ. ನಾನೂ ಮಾಡಿದ್ದೆ. ಆಮೇಲೆ ಹೊಸ ಕಾರ್ಪೆಟ್ಟನ್ನು ಮತ್ತೆ ಕಿತ್ತು, ಅಂಟಿಸಿದ್ದನ್ನೆಲ್ಲ ಕೆರೆದು ತೆಗೆಯಬೇಕಾಯಿತು. ಶೀಟಿನ ಅಡಿಯಲ್ಲಿ ತೂತುಗಳು ಹಾಗೇ ಇದ್ದವು.

ಮೊದಲು ಅಳೆಯಿರಿ. ದೂರದಿಂದ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಈಗ ಸುಲಭವಾಗಿ ಸಿಗುತ್ತದೆ. ಅರ್ಧ ಗಂಟೆ ಗಾಡಿ ಓಡಿಸಿ, ನಿಲ್ಲಿಸಿದ ಕೂಡಲೇ ಏಳೆಂಟು ಕಡೆ ಅಳೆದು ಬರೆದುಕೊಳ್ಳಿ. ಡ್ರೈವರ್ ಪಾದದ ಮುಂದಿನ ತಗಡು, ಪಕ್ಕದವರ ಪಾದದ ಮುಂದೆ, ಟನಲ್‌ನ (ಎರಡು ಸೀಟಿನ ನಡುವಿನ ಉಬ್ಬು ತಗಡು) ಎರಡೂ ಬದಿ, ಗೇರ್ ಲಿವರ್ ಬುಡ, ಸೀಟಿನ ಕೆಳಗಿನ ನೆಲ, ಹೀಟರ್ ಬಾಯಿ. ಹೊಳೆಯುವ ಲೋಹದ ಮೇಲೆ ಈ ಯಂತ್ರ ತಪ್ಪು ಹೇಳುತ್ತದೆ, ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಂಥ ಜಾಗದಲ್ಲಿ ಒಂದು ತುಂಡು ಕರಿ ಟೇಪ್ ಅಂಟಿಸಿ, ಅದರ ಮೇಲೆ ಅಳೆಯಿರಿ.

ಬರೆದ ಚೀಟಿ ಗಾಡಿಯಲ್ಲೇ ಇರಲಿ. ಪ್ರತಿ ರಿಪೇರಿಯ ಮೇಲೆ ಅದೇ ರಸ್ತೆ, ಅದೇ ಹೊತ್ತು, ಅದೇ ಜಾಗ. ಇಲ್ಲದಿದ್ದರೆ ಯಾವುದರಿಂದ ಎಷ್ಟು ಉಪಯೋಗ ಆಯಿತೆಂದು ತಿಳಿಯುವುದೇ ಇಲ್ಲ.

ಹೀಟರ್ ನಾನು ಹಾಕುವುದೇ ಇಲ್ಲ. ಅದರಿಂದ ಹೇಗೆ ಬಿಸಿ ಬರುತ್ತದೆ?

ನನಗೆ ಬರುವ ದೂರುಗಳಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತವೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಊರುಗಳಲ್ಲಿ ಹೀಟರ್ ಯಾರಿಗೂ ಬೇಡ. ಪುಣೆಯಲ್ಲಿ ಡಿಸೆಂಬರ್‌ನ ನಾಲ್ಕು ಬೆಳಗ್ಗೆ ಬೇಕಾದೀತು. ಮುಂಬೈ, ಗೋವಾದಲ್ಲಿ ಅದೂ ಇಲ್ಲ. ಬೇಡವಾದದ್ದನ್ನು ಯಾರೂ ನೋಡುವುದಿಲ್ಲ. ಆದರೆ ಹಳೆಯ ಬ್ರಿಟಿಷ್ ಗಾಡಿಯಲ್ಲಿ ಎಂಜಿನ್ನಿನ ಕುದಿಯುವ ನೀರು ಒಂದು ಸಣ್ಣ ರೇಡಿಯೇಟರ್‌ಗೆ ಹೋಗುತ್ತದೆ. ಆ ಸಣ್ಣ ರೇಡಿಯೇಟರ್ ಇರುವುದು ನಿಮ್ಮ ಮೊಣಕಾಲಿನ ಮುಂದೆಯೇ. ನೀರನ್ನು ತಡೆಯುವುದು ಒಂದೇ ಒಂದು ಕಾಕ್, ಅಂದರೆ ನಲ್ಲಿಯಂಥ ವಾಲ್ವ್. ಎಂಜಿಬಿಯಲ್ಲಿ ಅದು ಸಿಲಿಂಡರ್ ಹೆಡ್‌ನ ಹಿಂಭಾಗದಲ್ಲಿದೆ. ಡ್ಯಾಶ್‌ಬೋರ್ಡಿನ ಗುಂಡಿಯಿಂದ ಒಂದು ಕೇಬಲ್ ಅದನ್ನು ತಿರುಗಿಸುತ್ತದೆ. ಕೇಬಲ್ ಸಡಿಲವಾದರೆ ಗುಂಡಿ "ಬಂದ್" ತೋರಿಸಿದರೂ ಕಾಕ್ ಪೂರ್ತಿ ಮುಚ್ಚಿರುವುದಿಲ್ಲ. ಒಳಗಿನ ರಬ್ಬರ್ ಸವೆದಿದ್ದರೆ ಮುಚ್ಚಿದರೂ ನೀರು ಜಾರುತ್ತದೆ. ಫ್ಯಾನ್ ಹಾಕದಿದ್ದರೂ ಪರವಾಗಿಲ್ಲ, ಗಾಡಿ ಓಡುವಾಗ ಗಾಳಿ ತಾನೇ ಅದರ ಮೂಲಕ ನುಗ್ಗುತ್ತದೆ. ಅಂದರೆ ಮೇ ತಿಂಗಳ ಮಧ್ಯಾಹ್ನ ನೀವು ಹೀಟರ್ ಹಾಕಿಕೊಂಡು ಹೋಗುತ್ತಿದ್ದೀರಿ, ನಿಮಗೆ ಗೊತ್ತಿಲ್ಲ ಅಷ್ಟೇ.

ಪರೀಕ್ಷೆ ಸುಲಭ. ಗುಂಡಿ ಪೂರ್ತಿ ಬಂದ್ ಮಾಡಿ ಇಪ್ಪತ್ತು ನಿಮಿಷ ಓಡಿಸಿ. ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ. ಕರೆಂಟ್ ಫ್ಯಾನ್ ಇದ್ದರೆ ಹುಷಾರು, ಎಂಜಿನ್ ನಿಂತ ಮೇಲೂ ಅದು ತಿರುಗಬಹುದು. ಕಾಕ್ ದಾಟಿದ ಮೇಲಿನ ಹೋಸ್‌ಗೆ ಥರ್ಮಾಮೀಟರ್ ಹಿಡಿಯಿರಿ, ಅಥವಾ ಕ್ಷಣ ಮಾತ್ರ ಬೆರಳು ತಾಗಿಸಿ. ಬೆಚ್ಚಗಿದ್ದರೆ ಸರಿ, ಅಕ್ಕಪಕ್ಕದ ಬಿಸಿ ಅದು. ಬೆರಳು ಸುಟ್ಟರೆ ಕಾಕ್ ನೀರು ಬಿಡುತ್ತಿದೆ.

ಮೊದಲು ಕೇಬಲ್ ಸರಿಮಾಡಿ. ಖರ್ಚೇ ಇಲ್ಲದ ಕೆಲಸ ಅದು. ಕಾಕ್ ಹತ್ತಿರ ಕೇಬಲ್ ಹಿಡಿದ ಸ್ಕ್ರೂ ಸಡಿಲಿಸಿ, ಕೈಯಿಂದಲೇ ಕಾಕ್ ಪೂರ್ತಿ ಮುಚ್ಚಿ, ಗುಂಡಿಯನ್ನೂ ಬಂದ್ ಕಡೆ ಇಟ್ಟು ಮತ್ತೆ ಬಿಗಿಯಿರಿ. ಆಗಲೂ ಬಿಸಿ ಬಂದರೆ ಕಾಕ್ ಬದಲಿಸಿ. ಹೊಸ ಕಾಕ್ ಕೂರಿಸುವ ಮುಂಚೆ ಮುಚ್ಚಿ, ಬಾಯಿಂದ ಊದಿ ನೋಡಿ. ಹೊಸದಾಗಿ ಬರುವವುಗಳಲ್ಲೂ ಕೆಲವು ಸೋರುತ್ತವೆ. ಕೂರಿಸಿದ ಮೇಲೆ ಗೊತ್ತಾದರೆ ಕೆಲಸ ಎರಡು ಪಟ್ಟು.

ಕಾಕ್ ಸಿಗದಿದ್ದರೆ ಇನ್ನೊಂದು ದಾರಿ ಇದೆ. ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ಬಾಲ್ ವಾಲ್ವ್ ತಂದು, ಎರಡೂ ತುದಿಗೆ ನಿಪ್ಪಲ್ ಹಾಕಿ, ಬಿಸಿ ನೀರು ಹೋಗುವ ಹೋಸ್ ನಡುವೆ ಕೂರಿಸಿ. ಅದು ಭಾರ ಇರುತ್ತದೆ, ಅಲುಗಾಡಿ ಹೋಸ್ ಸೀಳುತ್ತದೆ. ಒಂದು ಪಟ್ಟಿ ಹಾಕಿ ತಗಡಿಗೆ ಕಟ್ಟಿಬಿಡಿ.

ಹೀಟರನ್ನೇ ಕಿತ್ತು ಹಾಕಿದರೆ?

ಹಲವರು ಹಾಗೆ ಮಾಡುತ್ತಾರೆ. ನನಗೆ ಇಷ್ಟವಿಲ್ಲ. ಖಂಬಾಟ್ಕಿ ಘಾಟಿನಲ್ಲೋ ಚೋರ್ಲಾ ಘಾಟಿನಲ್ಲೋ ಲಾರಿಗಳ ಹಿಂದೆ ಸಿಕ್ಕು ಗೇಜ್ ಏರತೊಡಗಿದರೆ, ಹೀಟರ್ ಪೂರ್ತಿ ತೆರೆದು ಫ್ಯಾನ್ ಹಾಕಿದರೆ ಎಂಜಿನ್ನಿನ ಬಿಸಿ ಸ್ವಲ್ಪ ಹೊರಗೆ ಬರುತ್ತದೆ. ಕೂತವರಿಗೆ ಕಷ್ಟ, ಆದರೆ ಹೆಡ್ ಪ್ಯಾಕಿಂಗ್ ಉಳಿಯುತ್ತದೆ. ಆ ಆಸರೆ ಕಳೆದುಕೊಳ್ಳಬೇಡಿ.

ಬೇಸಿಗೆಯ ಮೂರು ತಿಂಗಳಿಗೆ ಮಾತ್ರ ಬೈಪಾಸ್ ಮಾಡಬಹುದು. ಆದರೆ ಎಲ್ಲ ಗಾಡಿಯಲ್ಲೂ ಹೋಸಿಗೆ ಬಿರಡೆ ಬಡಿಯುವುದು ಸರಿಯಲ್ಲ. ಕೆಲವು ಎಂಜಿನ್‌ಗಳಲ್ಲಿ ಹೀಟರ್ ದಾರಿಯಲ್ಲೇ ನೀರು ಸುತ್ತಬೇಕು. ಅಂಥಲ್ಲಿ ಹೋಗುವ ಹೋಸನ್ನೂ ಬರುವ ಹೋಸನ್ನೂ ಒಂದಕ್ಕೊಂದು ಸೇರಿಸಿ. ನಿಮ್ಮ ಗಾಡಿಯದು ಯಾವ ಬಗೆ ಎಂದು ವರ್ಕ್‌ಶಾಪ್ ಪುಸ್ತಕ ನೋಡದೆ ಕೈ ಹಾಕಬೇಡಿ.

ಗಾಳಿ ನುಗ್ಗುವ ತೂತುಗಳನ್ನು ಹುಡುಕುವುದು ಹೇಗೆ?

ಒಂದು ಮಾತು ನೆನಪಿಡಿ: ಮಳೆಗಾಲದಲ್ಲಿ ನೀರು ಬಂದ ದಾರಿಯಲ್ಲೇ ಬೇಸಿಗೆಯಲ್ಲಿ ಬಿಸಿ ಬರುತ್ತದೆ. ಜುಲೈನಲ್ಲಿ ಕಾರ್ಪೆಟ್ ಒದ್ದೆಯಾದ ಮೂಲೆ ಯಾವುದಿತ್ತು? ಅಲ್ಲಿಂದಲೇ ಶುರು ಮಾಡಿ.

ರಾತ್ರಿ ಕೆಲಸ ಒಳ್ಳೆಯದು. ಕಾರ್ಪೆಟ್ ತೆಗೆದು, ಎಂಜಿನ್ ಪೂರ್ತಿ ತಣ್ಣಗಿರುವಾಗ ಬಾನೆಟ್ ಒಳಗೆ ಜೋರಾದ ಎಲ್‌ಇಡಿ ದೀಪ ಇಡಿ. ಬೀದಿ ದೀಪದ ಬೆಳಕು ಬೀಳದಂತೆ ಗಾಡಿಗೆ ಒಂದು ಚಾದರ ಹೊದಿಸಿ, ನೀವು ಒಳಗೆ ಕೂತು ತಲೆ ಬಗ್ಗಿಸಿ ನೋಡಿ. ನಕ್ಷತ್ರಗಳ ಹಾಗೆ ಕಾಣುತ್ತವೆ. ಸೀಮೆಸುಣ್ಣದಿಂದ ಒಂದೊಂದನ್ನೂ ಗುರುತು ಮಾಡಿ. ಆಮೇಲೆ ದೀಪವನ್ನು ಗಾಡಿಯ ಅಡಿಗೆ ತಳ್ಳಿ, ನೆಲ ಮತ್ತು ಟನಲ್ ನೋಡಿ. ನನ್ನ ಗಾಡಿಯಲ್ಲಿ ಹದಿಮೂರು ಕಂಡವು. ಅದರಲ್ಲಿ ಎರಡು, ಹಿಂದೆ ಯಾವುದೋ ಗ್ಯಾರೇಜಿನಲ್ಲಿ ರೇಡಿಯೋ ವೈರ್ ಎಳೆಯಲು ಕೊರೆದದ್ದು. ಎರಡು ರೂಪಾಯಿ ನಾಣ್ಯದಷ್ಟು ದೊಡ್ಡವು. ರಬ್ಬರ್ ಹಾಕಿರಲೇ ಇಲ್ಲ.

ತಪ್ಪದೇ ನೋಡಬೇಕಾದ ಜಾಗಗಳು ಇವು. ಸ್ಟೀರಿಂಗ್ ಕಾಲಂ ತಗಡು ದಾಟುವ ಕಡೆ. ಪೆಡಲ್ ಬಾಕ್ಸ್‌ನ ಸುತ್ತ. ವೈರ್ ಗಂಟು ಒಳಬರುವ ಗ್ರಮೆಟ್ (ತೂತಿನ ಅಂಚಿಗೆ ಹಾಕುವ ರಬ್ಬರ್ ಉಂಗುರ). ಸ್ಪೀಡೋಮೀಟರ್ ಕೇಬಲ್. ಹೀಟರ್ ಪೆಟ್ಟಿಗೆಗೂ ತಗಡಿಗೂ ನಡುವಿನ ಫೋಮ್. ಹಳೆಯದಾದರೆ ಅದು ಮುಟ್ಟಿದರೆ ಪುಡಿಯಾಗುತ್ತದೆ. ಎಡಗೈ ಡ್ರೈವಿಂಗ್ ಗಾಡಿಗಾಗಿ ಕೊಟ್ಟ ತೂತಿನ ಮುಚ್ಚಳ. ಒಂದೇ ಬಾಡಿಯಲ್ಲಿ ಎರಡೂ ಬಗೆಯ ಗಾಡಿ ಮಾಡುತ್ತಿದ್ದರಿಂದ ಇಂಥ ತೂತುಗಳು ಸಾಮಾನ್ಯ.

ಎಲ್ಲಕ್ಕಿಂತ ಮುಖ್ಯ ಗೇರ್ ಲಿವರ್ ಬುಡದ ರಬ್ಬರ್. ಮೇಲೆ ಕಾಣುವ ಚರ್ಮದ ಚೀಲ ಬರೀ ಅಂದಕ್ಕೆ. ಅದರ ಕೆಳಗಿನ ರಬ್ಬರ್ ಬೂಟ್ ತಡೆಯುವ ಕೆಲಸ ಮಾಡುವುದು. ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನ ಗಾಡಿಗಳಲ್ಲೂ ಇದು ಹರಿದೇ ಗೇರ್ ಹಿಡಿ ಕಾಯುತ್ತದೆ. ಟನಲ್ ಅಂದರೆ ಗೇರ್‌ಬಾಕ್ಸ್‌ನ ಬಿಸಿ ಮತ್ತು ಎಂಜಿನ್ ಬಿಸಿಗಾಳಿ ಹಿಂದಕ್ಕೆ ಹರಿಯುವ ಒಂದು ಕೊಳವೆ ಇದ್ದ ಹಾಗೆ. ಬೂಟ್ ಹರಿದರೆ ಆ ಕೊಳವೆ ನೇರ ನಿಮ್ಮ ತೊಡೆಯ ಪಕ್ಕ ಬಾಯಿ ತೆರೆದಂತೆ.

ವೈಪರ್ ಕೆಳಗಿನ ಜಾಲರಿಯಿಂದ ಬಿದ್ದ ಮಳೆನೀರು ಹೊರಹೋಗಲು ಒಂದು ರಬ್ಬರ್ ಕೊಳವೆ ಇರುತ್ತದೆ. ಅದು ಕಳಚಿದ್ದರೆ ಎಂಜಿನ್ ಕಡೆಯ ಬಿಸಿಗಾಳಿ ಅದೇ ದಾರಿಯಲ್ಲಿ ಮೇಲೆ ಬಂದು ತಾಜಾ ಗಾಳಿಯ ಜೊತೆ ಸೇರಬಹುದು. ಕೊಳವೆ ಹಾಕಿ, ಪೂರ್ತಿ ಮುಚ್ಚಬೇಡಿ. ಮುಚ್ಚಿದರೆ ಮಳೆಗಾಲದಲ್ಲಿ ನೀರು ನಿಂತು ತಗಡು ತಿನ್ನುತ್ತದೆ.

ಗಾಳಿ ಎಲ್ಲಿ ನುಗ್ಗುತ್ತದೆಂದು ಓಡುವ ಗಾಡಿಯಲ್ಲಿ ನೋಡಬೇಕಾದರೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿ, ಕೈಗೆ ಉಣ್ಣೆ ದಾರದ ತುಂಡು ಕೊಡಿ. ದಾರ ಅಲುಗಾಡಿದಲ್ಲಿ ತೂತಿದೆ. ಊದುಬತ್ತಿ ಹಚ್ಚಿ ನೋಡುವವರನ್ನು ಕಂಡಿದ್ದೇನೆ. ಪೆಟ್ರೋಲ್ ವಾಸನೆ ಇರುವ ಹಳೆಯ ಗಾಡಿಯಲ್ಲಿ ಅದು ಬೇಡವೇ ಬೇಡ.

ಹುಡ್ ತೆರೆದರೆ ತಂಪಾಗಬೇಕು. ನನ್ನ ಕಾಲು ಇನ್ನೂ ಜಾಸ್ತಿ ಸುಡುತ್ತದೆ, ಯಾಕೆ?

ಮೇಲೆ ಗಾಳಿ ಹಾದುಹೋಗುವಾಗ ಸೀಟಿನ ಸುತ್ತ ಒತ್ತಡ ಕಡಿಮೆಯಾಗುತ್ತದೆ. ಆ ಜಾಗ ತುಂಬಲು ಕೆಳಗಿನ ಪ್ರತಿ ತೂತಿನಿಂದಲೂ ಗಾಳಿ ಒಳಗೆ ಎಳೆಯಲ್ಪಡುತ್ತದೆ. ಬರುವುದು ಎಂಜಿನ್ ಕಡೆಯ ಬಿಸಿಗಾಳಿ. ನಿಮ್ಮ ಗಾಡಿಯಲ್ಲಿ ಹೀಗಾಗುತ್ತಿದ್ದರೆ ತಗಡಿನ ಮೂಲಕ ಬರುವ ಬಿಸಿಗಿಂತ ತೂತಿನಿಂದ ಬರುವುದು ಜಾಸ್ತಿ ಎಂದು ತಿಳಿಯಿರಿ.

ಡ್ರೈವರ್ ಕಡೆ ಪರವಾಗಿಲ್ಲ, ಪಕ್ಕದ ಸೀಟಿನವರ ಕಾಲೇ ಜಾಸ್ತಿ ಸುಡುವುದು ಯಾಕೆ?

ಪುಣೆಯಿಂದ ಧಾರವಾಡಕ್ಕೆ ಹೋಗುವಾಗ ನನ್ನ ಹೆಂಡತಿ ಸಾತಾರಾ ದಾಟುವಷ್ಟರಲ್ಲಿ ಕಾಲು ಮಡಚಿ ಸೀಟಿನ ಮೇಲೆ ಇಟ್ಟುಕೊಂಡಿದ್ದಳು. ನಾನು ಆರಾಮಾಗಿದ್ದೆ. ಅವಳಿಗೆ ಹುಷಾರಿಲ್ಲವೇನೋ ಎಂದುಕೊಂಡೆ. ಕರಾಡ್‌ನಲ್ಲಿ ಚಹಾಕ್ಕೆ ನಿಂತಾಗ ಅವಳ ಕಡೆಯ ನೆಲ ಮುಟ್ಟಿ ನೋಡಿದರೆ ಕೈ ಇಡಲಾಗಲಿಲ್ಲ.

ಕಾರಣ ಎಂಜಿನ್ನಿನ ರಚನೆಯಲ್ಲೇ ಇದೆ. ಎಂಜಿಬಿಯ 1798 ಸಿಸಿ ಎಂಜಿನ್ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ ಸೀರೀಸ್. ನಮ್ಮ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ಮನೆತನದ್ದು. ಬಿ ಸೀರೀಸ್‌ನಲ್ಲಿ ಕಾರ್ಬೊರೇಟರ್ ಮತ್ತು ಹೊಗೆಯ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಒಟ್ಟುಗೂಡಿಸಿ ಪೈಪಿಗೆ ಬಿಡುವ ಭಾಗ) ಎರಡೂ ಎಡಬದಿಗೇ ಇವೆ. ನಮ್ಮಲ್ಲಿ ಡ್ರೈವರ್ ಬಲಕ್ಕೆ. ಹಾಗಾಗಿ ಹೊಗೆ ಪೈಪು ಇಳಿಯುವುದು ಪಕ್ಕದವರ ಪಾದದ ಮುಂದೆ. ನಿಮ್ಮದು ಬೇರೆ ಗಾಡಿಯಾದರೂ ಸರಿ, ಮೊದಲು ಪೈಪು ಯಾವ ಕಡೆ ಇಳಿದು ಎಲ್ಲಿ ಹಾದುಹೋಗುತ್ತದೆ ಎಂದು ಬಗ್ಗಿ ನೋಡಿ. ರಬ್ಬರ್ ತೂಗು ಪಟ್ಟಿಗಳು ಜೋತು ಬಿದ್ದು ಪೈಪು ನೆಲಕ್ಕೆ ತಾಗುವಷ್ಟು ಹತ್ತಿರ ಬಂದಿರುವುದೂ ಉಂಟು.

ಇಲ್ಲಿ ಪರಿಹಾರ ಒಂದು ತಗಡಿನ ಗುರಾಣಿ. ಪೈಪು ಮತ್ತು ನೆಲದ ನಡುವೆ ತೆಳು ಅಲ್ಯೂಮಿನಿಯಂ ಅಥವಾ ಸ್ಟೀಲ್ ಹಾಳೆ, ನೆಲದಿಂದ ಒಂದೆರಡು ಸೆಂಟಿಮೀಟರ್ ಅಂತರ ಬಿಟ್ಟು. ಆ ಅಂತರದಲ್ಲಿ ಗಾಳಿ ಹರಿಯಬೇಕು, ಅದೇ ಮುಖ್ಯ. ನೆಲಕ್ಕೆ ಒತ್ತಿ ಅಂಟಿಸಿದರೆ ಗುರಾಣಿ ಕಾದು ನೆಲವನ್ನೂ ಕಾಯಿಸುತ್ತದೆ.

ಪೈಪಿಗೆ ಬಟ್ಟೆಯ ಪಟ್ಟಿ ಸುತ್ತಿಸಬಹುದೇ?

ರೇಸ್ ಗಾಡಿಗೆ ಸರಿ. ಮುಂಬೈ, ಗೋವಾದ ಮಳೆಗೆ ಸರಿಯಲ್ಲ. ಪಟ್ಟಿ ನೀರು ಕುಡಿದು ಹಾಗೇ ಹಿಡಿದುಕೊಳ್ಳುತ್ತದೆ, ಪೈಪು ಒಳಗಿಂದೊಳಗೇ ತುಕ್ಕು ಹಿಡಿಯುತ್ತದೆ. ದುಡ್ಡು ಖರ್ಚು ಮಾಡುವುದೇ ಆದರೆ ಮ್ಯಾನಿಫೋಲ್ಡಿಗೆ ಸೆರಾಮಿಕ್ ಕೋಟಿಂಗ್ ಮಾಡಿಸಿ.

ಬಿಸಿಯ ಜೊತೆ ಹೊಗೆಯ ವಾಸನೆ, ತಲೆನೋವು. ಇದು ಮಾಮೂಲೇ?

ಅಲ್ಲ. ಗಾಡಿ ನಿಲ್ಲಿಸಿ. ಮಿಕ್ಕ ಪ್ರಶ್ನೆಗಳೆಲ್ಲ ಆರಾಮಿನದು, ಇದು ಜೀವದ್ದು.

ಪೆಟ್ರೋಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಕಾರ್ಬೊರೇಟರ್ ಇರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಗಾಡಿಯಲ್ಲಿ ಜಾಸ್ತಿಯೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬಂದರೆ ಬಿಸಿಲಿನಿಂದ ಎಂದುಕೊಂಡು ಮುಂದೆ ಓಡಿಸಬೇಡಿ. ಇಳಿದು ಗಾಳಿಗೆ ನಿಲ್ಲಿ. ಕಡಿಮೆಯಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ, ಗಾಡಿಯ ಹೊಗೆ ಕುಡಿದಿರಬಹುದು ಎಂದು ಬಾಯಿಬಿಟ್ಟು ಹೇಳಿ.

ಆಮೇಲೆ ಮ್ಯಾನಿಫೋಲ್ಡ್ ಪ್ಯಾಕಿಂಗ್ ನೋಡಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಎಂದು ಕೇಳಿ, ಕಾದ ಮೇಲೆ ನಿಂತುಹೋದರೆ ಅಲ್ಲಿ ಸೋರಿಕೆ ಇರುವ ಸಾಧ್ಯತೆ ಜಾಸ್ತಿ. ಸೋರುವ ಜಾಗದ ಸುತ್ತ ಕಪ್ಪು ಮಸಿ ಇರುತ್ತದೆ. ಹಿಂದಿನ ಡಿಕ್ಕಿಯ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಹರಿದಿದ್ದರೂ ಹೊಗೆ ಹಿಂದಿನಿಂದ ಒಳಗೆ ಬರುತ್ತದೆ. ಬ್ಯಾಟರಿಯಲ್ಲಿ ನಡೆಯುವ ಸಿಒ (ಕಾರ್ಬನ್ ಮೊನಾಕ್ಸೈಡ್) ಅಲಾರಂ ಒಂದನ್ನು ಗಾಡಿಯಲ್ಲಿ ಇಟ್ಟುಕೊಳ್ಳಿ. ನನ್ನದು ಸೀಟಿನ ಹಿಂದೆ ಸದಾ ಇರುತ್ತದೆ.

ಸರಿ, ತೂತು ಮುಚ್ಚಿದೆ, ಕಾಕ್ ಸರಿಮಾಡಿದೆ. ಈಗ ನೆಲಕ್ಕೆ ಯಾವ ಶೀಟ್ ಹಾಕಲಿ?

ಈಗ ಕೇಳಬಹುದಾದ ಪ್ರಶ್ನೆ ಇದು.

ಅಂಗಡಿಯಲ್ಲಿ ಮೂರು ಬಗೆಯ ಸಾಮಾನನ್ನು ಒಂದೇ ಹೆಸರಲ್ಲಿ ಮಾರುತ್ತಾರೆ. ಒಂದು, ಬೆಳ್ಳಿ ಹಾಳೆ ಅಂಟಿಸಿದ ಕಪ್ಪು ಬ್ಯುಟೈಲ್ ಅಥವಾ ಡಾಂಬರಿನ ಶೀಟ್. ಇದು ತಗಡಿನ ನಡುಕ ತಡೆಯಲು. ಸದ್ದು ಕಡಿಮೆಯಾಗುತ್ತದೆ, ಬಿಸಿಗೆ ಅಷ್ಟಕ್ಕಷ್ಟೇ. ಡಾಂಬರಿನದು ಪುಣೆಯ ಏಪ್ರಿಲ್ ಬಿಸಿಲಿಗೇ ಮೆತ್ತಗಾಗಿ ವಾಸನೆ ಬರುತ್ತದೆ. ಮಾಳಿಗೆಗೆ ನೀರು ಸೋರದಂತೆ ಹಾಕುವ ಶೀಟನ್ನು ತಂದು ಕಾರಿಗೆ ಹಾಕುವವರೂ ಇದ್ದಾರೆ. ಹೊಗೆ ಪೈಪಿನ ಮೇಲಿನ ನೆಲಕ್ಕೆ ಅದು ಖಂಡಿತ ಬೇಡ.

ಎರಡು, ಫೋಮ್. ಏಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಫೋಮ್ ನೋಡಿದ್ದೀರಲ್ಲ, ಅದೇ. ಅದರೊಳಗಿನ ಗುಳ್ಳೆಗಳು ಒಂದಕ್ಕೊಂದು ಸೇರಿರುವುದಿಲ್ಲ, ಹಾಗಾಗಿ ನೀರು ಕುಡಿಯುವುದಿಲ್ಲ. ಬಿಸಿ ದಾಟುವುದನ್ನು ನಿಜವಾಗಿ ತಡೆಯುವುದು ಇದು. ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಕಾಲಿಡುವ ಜಾಗಕ್ಕೆ, ಟನಲ್‌ನ ಒಳಬದಿಗೆ ನಾನು ಹಾಕಿಸಿರುವುದು ಇದನ್ನೇ, 6 ಮಿಲಿಮೀಟರ್ ದಪ್ಪದ್ದು. ಅದಕ್ಕಿಂತ ದಪ್ಪ ಹಾಕಿದರೆ ಪೆಡಲ್ ಒತ್ತಲು ಜಾಗ ಸಾಲುವುದಿಲ್ಲ, ಸೀಟಿನ ಬೋಲ್ಟ್ ಸಿಗುವುದಿಲ್ಲ.

ಮೂರು, ಹೊಳೆಯುವ ಫಾಯಿಲ್. ಇದು ಬಿಸಿಯ ಕಿರಣವನ್ನು ತಿರುಗಿಸಿ ಕಳಿಸುತ್ತದೆ. ಅದಕ್ಕೆ ಎದುರಿಗೆ ಖಾಲಿ ಜಾಗ ಬೇಕು. ಎಂಜಿನ್ ಕಡೆಯ ತಗಡಿನ ಮೇಲೆ ಹಾಕಿದರೆ ಉಪಯೋಗ. ಕಾರ್ಪೆಟ್ಟಿಗೂ ನೆಲಕ್ಕೂ ನಡುವೆ ಒತ್ತಿ ಹಾಕಿದರೆ ಅದು ಬರೀ ಒಂದು ಅಲ್ಯೂಮಿನಿಯಂ ಹಾಳೆ, ಬಿಸಿಯನ್ನು ಆರಾಮಾಗಿ ದಾಟಿಸಿಬಿಡುತ್ತದೆ.

ಹಳೆಯ ಕಾಲದ ನಮ್ದಾ (ಉಣ್ಣೆ ಒತ್ತಿ ಮಾಡಿದ ದಪ್ಪ ಹಾಸು) ಚೆನ್ನಾಗಿ ಕೆಲಸ ಮಾಡುತ್ತದೆ, ಒಣಗಿದ್ದಾಗ. ಕೊಂಕಣದ ಮಳೆಯಲ್ಲಿ ಒಮ್ಮೆ ಒದ್ದೆಯಾದರೆ ದೀಪಾವಳಿವರೆಗೂ ಒಣಗುವುದಿಲ್ಲ. ಅಷ್ಟರಲ್ಲಿ ನೆಲದ ತಗಡು ತುಕ್ಕು ತಿಂದಿರುತ್ತದೆ. ಅಲಿಬಾಗ್‌ನಲ್ಲೋ ಪಣಜಿಯಲ್ಲೋ ಗಾಡಿ ಇಡುವವರು ನಮ್ದಾ ಮರೆತುಬಿಡಿ. ಥರ್ಮೋಕೋಲ್ ಹೆಸರು ಎತ್ತಲೇಬೇಡಿ, ಕರಗುತ್ತದೆ, ಹತ್ತಿ ಉರಿಯುತ್ತದೆ.

ಯಾವುದೇ ಹಾಕುವ ಮುಂಚೆ ನೆಲದ ತುಕ್ಕು ಕೆರೆದು, ಪ್ರೈಮರ್ ಮತ್ತು ಪೇಂಟ್ ಹೊಡೆದು ಒಣಗಿಸಿ. ಅಂಟಿನ ಕೆಲಸ ಬಾಗಿಲು ತೆರೆದಿಟ್ಟು ಮಾಡಿ.

ಕೆಳಗಿನ ಹಳೆಯ ಹೊದಿಕೆ ಪುಡಿಪುಡಿಯಾಗಿದೆ. ಕೆರೆದು ತೆಗೆಯಬಹುದೇ?

ಬೂದುಬಿಳಿ ಬಣ್ಣದ, ಎಳೆಎಳೆಯಾದ ಹಲಗೆಯಂಥದು ಇದ್ದರೆ ಹುಷಾರು. ಆ ಕಾಲದ ಬಿಸಿ ತಡೆಯುವ ಹಲಗೆ, ಪ್ಯಾಕಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ತರಬಹುದು. ಒಣಗಿದ್ದಾಗ ಕೆರೆಯಬೇಡಿ, ಗ್ರೈಂಡರ್ ಹಚ್ಚಬೇಡಿ, ಏರ್ ಹೊಡೆಯಬೇಡಿ. ಗ್ಯಾರೇಜಿನ ಹುಡುಗನ ಕೈಯಿಂದ ಬರೀ ಮೂಗಿನಲ್ಲಿ ಮಾಡಿಸಬೇಡಿ. ಗಟ್ಟಿಯಾಗಿದ್ದರೆ ಅದನ್ನು ಹಾಗೇ ಬಿಟ್ಟು ಮೇಲೆ ಮುಚ್ಚುವುದು ಒಳ್ಳೆಯದು.

ಟ್ಯೂನಿಂಗ್‌ಗೂ ಒಳಗಿನ ಬಿಸಿಗೂ ಸಂಬಂಧ ಇದೆಯೇ?

ಇದೆ. ಇಗ್ನಿಷನ್ ಟೈಮಿಂಗ್, ಅಂದರೆ ಸ್ಪಾರ್ಕ್ ಹೊಡೆಯುವ ಹೊತ್ತು, ಹಿಂದೆ ಬಿದ್ದರೆ ಪೆಟ್ರೋಲ್ ತಡವಾಗಿ ಉರಿಯುತ್ತದೆ. ಪಿಸ್ಟನ್ ತಳ್ಳಬೇಕಾದ ಬಿಸಿ ಹೊಗೆ ಪೈಪಿಗೆ ಹೋಗುತ್ತದೆ. ಪೈಪು ಕಾದಷ್ಟೂ ನಿಮ್ಮ ನೆಲ ಕಾಯುತ್ತದೆ. ಹಳೆಯ ಪಾಯಿಂಟ್ (ಸ್ಪಾರ್ಕಿಗಾಗಿ ಕರೆಂಟ್ ಕಡಿಯುವ ಸ್ವಿಚ್) ಇರುವ ಗಾಡಿಯಲ್ಲಿ ಪಾಯಿಂಟಿನ ಹಿಮ್ಮಡಿ ಸವೆದಂತೆ ಗ್ಯಾಪ್ ಕಡಿಮೆಯಾಗಿ ಟೈಮಿಂಗ್ ತಾನಾಗೇ ಹಿಂದೆ ಬೀಳುತ್ತದೆ. ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪನ್ನು ಬಾಯಿಂದ ಎಳೆದು ನೋಡಿ. ಗಾಳಿ ಸುಮ್ನೆ ಬರುತ್ತಿದ್ದರೆ ಒಳಗಿನ ಪೊರೆ (ಡಯಾಫ್ರಂ) ಹರಿದಿದೆ. ಪೆಟ್ರೋಲ್ ಮಿಶ್ರಣ ತೀರ ತೆಳುವಾಗಿದ್ದರೂ ಹೊಗೆ ಬಿಸಿಯಾಗುತ್ತದೆ.

ಕಡಿಮೆ ಡಿಗ್ರಿಯ ಥರ್ಮೋಸ್ಟಾಟ್ ಹಾಕಿದರೆ?

ಥರ್ಮೋಸ್ಟಾಟ್ ಅಂದರೆ ಎಂಜಿನ್ ನೀರು ಇಷ್ಟು ಡಿಗ್ರಿ ಕಾದ ಮೇಲೆ ರೇಡಿಯೇಟರ್‌ಗೆ ಬಿಡುವ ವಾಲ್ವ್. ಎಂಜಿಬಿಗೆ 82 ಡಿಗ್ರಿಯದು ಮಾಮೂಲು, ಬಿಸಿ ದೇಶಕ್ಕೆ 74 ಡಿಗ್ರಿಯದು. 74ರದನ್ನು ಹಾಕಿ, ತಪ್ಪಿಲ್ಲ. ಆದರೆ ಒಳಗಿನ ಬಿಸಿಗೆ ಅದು ದೊಡ್ಡ ವ್ಯತ್ಯಾಸ ಮಾಡುವುದಿಲ್ಲ. ಕಿತ್ತೇಬಿಡುವುದು ಮಾತ್ರ ಬೇಡ.

ಬಾನೆಟ್‌ನ ಹಿಂಬದಿಗೆ ವಾಶರ್ ಇಟ್ಟು ಸ್ವಲ್ಪ ಎತ್ತಿದರೆ ಬಿಸಿ ಹೊರಗೆ ಹೋಗುತ್ತದಂತೆ, ಹೌದೇ?

ನಿಂತ ಗಾಡಿಯಲ್ಲಿ ಹೋಗುತ್ತದೆ. ಓಡುವಾಗ ಉಲ್ಟಾ. ಗಾಳಿ ಬಾನೆಟ್ ಮೇಲೆ ಹರಿದು ಬಂದು ಮುಂದಿನ ಗಾಜಿಗೆ ಬಡಿಯುತ್ತದೆ, ಗಾಜಿನ ಬುಡದಲ್ಲಿ ಒತ್ತಡ ಜಾಸ್ತಿ. ಹಾಗಾಗಿ ಆ ಸಂದಿಯಿಂದ ಗಾಳಿ ಎಂಜಿನ್ ಕಡೆಗೆ ಒಳಗೆ ಹೋಗುತ್ತದೆ. ರೇಡಿಯೇಟರ್ ಮೂಲಕ ಬರಬೇಕಾದ ಗಾಳಿಗೂ ಅಡ್ಡಿ. ಇನ್ನು ಸ್ವಾರ್‌ಗೇಟ್ ಸಿಗ್ನಲ್‌ನಲ್ಲಿ ನಿಂತಾಗ ಏನಾಗುತ್ತದೆ? ಸಂದಿಯಿಂದ ಮೇಲೆದ್ದ ಬಿಸಿಗಾಳಿ ಪಕ್ಕದಲ್ಲೇ ಇರುವ ತಾಜಾ ಗಾಳಿಯ ಜಾಲರಿಗೆ ಹೋಗಿ ನೇರ ಒಳಗೆ ಬರುತ್ತದೆ. ಬದಲಿಗೆ ಬಾನೆಟ್ ಹಿಂಬದಿಯ ಉದ್ದನೆಯ ರಬ್ಬರ್ ಪಟ್ಟಿ ಇದೆಯೇ ನೋಡಿ. ಎಷ್ಟೋ ಸಲ ಪೇಂಟಿಂಗ್‌ಗೆ ಬಿಚ್ಚಿದವರು ಮತ್ತೆ ಹಾಕಿರುವುದಿಲ್ಲ.

ನನ್ನ ಗಾಡಿಯ ಎಂಜಿನ್ ಹಿಂದೆ ಇದೆ. ಆದರೂ ಕಾಲು ಬಿಸಿ!

ಫಿಯಟ್ ಎಕ್ಸ್1/9, ಟೊಯೊಟಾ ಎಂಆರ್2 ಥರದ ಗಾಡಿಗಳಲ್ಲಿ ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ನಡುವೆ ಬಿಸಿ ನೀರಿನ ಪೈಪು ನಿಮ್ಮ ಪಕ್ಕದಲ್ಲೇ ಹಾದು ಹೋಗುತ್ತದೆ. ಆ ಪೈಪಿಗೆ ಫೋಮ್ ತೊಡಿಸಿ. ಗಾಳಿಯಿಂದ ತಣಿಯುವ ಹಳೆಯ ಪೋರ್ಶೆ 911ರಲ್ಲಿ ನೀರೇ ಇಲ್ಲ. ಅಲ್ಲಿ ಹೊಗೆ ಪೈಪಿನ ಸುತ್ತ ಕಾದ ಗಾಳಿಯೇ ಹೀಟರ್. ಅದನ್ನು ತಡೆಯುವ ಫ್ಲಾಪ್ ಗಾಡಿಯ ಅಡಿಯಲ್ಲಿದೆ, ತುಕ್ಕು ಹಿಡಿದು ಅರ್ಧ ತೆರೆದೇ ನಿಂತುಬಿಡುತ್ತದೆ. ಆ ದಾರಿಯಲ್ಲಿ ಹೊಗೆಯೂ ಬರಬಹುದಾದ್ದರಿಂದ ತಡಮಾಡದೆ ನೋಡಿಸಿ.

ಫೈಬರ್ ಬಾಡಿಯ ಗಾಡಿಗೆ ಏನು ಮಾಡಬೇಕು?

ಗೋವಾದ ಗೆಳೆಯರೊಬ್ಬರ ಹತ್ತಿರ ಸ್ಯಾನ್ ಸ್ಟಾರ್ಮ್ ಇದೆ. ಬೆಂಗಳೂರಿನ ಸ್ಯಾನ್ ಮೋಟರ್ಸ್ ಗೋವಾದಲ್ಲೇ ತಯಾರಿಸಿದ, ರೆನೋ ಎಂಜಿನ್ನಿನ ಎರಡು ಸೀಟಿನ ಗಾಡಿ. ಅದನ್ನು ನೋಡಿದರೆ ನನಗೆ ಇವತ್ತಿಗೂ ಹೆಮ್ಮೆ. ಫೈಬರ್ ತಗಡಿನಷ್ಟು ಬೇಗ ಬಿಸಿ ದಾಟಿಸುವುದಿಲ್ಲ, ಅದು ಒಳ್ಳೆಯದು. ಆದರೆ ಹೊಗೆ ಪೈಪು ಹತ್ತಿರ ಬಂದರೆ ರಾಳ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗುತ್ತದೆ. ಗುರಾಣಿ ಕಡ್ಡಾಯ. ತೂತು ಹುಡುಕುವ ಕೆಲಸ ಮಾತ್ರ ಹಾಗೇ, ಏನೂ ಬದಲಿಲ್ಲ.

ಏಸಿ ಇದೆ, ಗ್ಯಾಸ್ ತುಂಬಿಸಿದರೂ ತಂಪಾಗುತ್ತಿಲ್ಲ.

ಮೂರನೇ ಸಲ ಗ್ಯಾಸ್ ತುಂಬಿಸುವ ಮುಂಚೆ ಹೀಟರ್ ಕಾಕ್ ನೋಡಿ. ಒಂದು ಕಡೆ ತಣ್ಣಗೆ ಮಾಡಿ, ಇನ್ನೊಂದು ಕಡೆ ಕಾಯಿಸುತ್ತಿದ್ದರೆ ಯಾವ ಏಸಿ ತಾನೇ ಗೆಲ್ಲುತ್ತದೆ? ರೇಡಿಯೇಟರ್ ಮುಂದಿನ ಫ್ಯಾನ್ ಸರಿಯಾದ ದಿಕ್ಕಿಗೆ ತಿರುಗುತ್ತಿದೆಯೇ ಎಂದು ಒಂದು ಹಾಳೆ ಹಿಡಿದು ನೋಡಿ. ವೈರ್ ಅದಲು ಬದಲಾಗಿ ಉಲ್ಟಾ ತಿರುಗುವ ಫ್ಯಾನ್‌ಗಳನ್ನು ನಾನೇ ಎರಡು ಸಲ ನೋಡಿದ್ದೇನೆ.

ಬಿಸಿಯಿಂದ ಪೆಟ್ರೋಲ್ ಪೈಪಿಗೆ ಅಪಾಯ ಇದೆಯೇ?

ಇದೆ, ಈಗ ಜಾಸ್ತಿ. ಬಂಕುಗಳಲ್ಲಿ ಈಗ ಹೆಚ್ಚಾಗಿ ಸಿಗುವುದು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲ್. 1970ರ ದಶಕದ ರಬ್ಬರ್ ಇದಕ್ಕೆ ಮಾಡಿದ್ದಲ್ಲ. ಉಬ್ಬುತ್ತದೆ, ಬಿರಿಯುತ್ತದೆ. ಎಂಜಿಬಿಯಲ್ಲಿ ಕಾರ್ಬೊರೇಟರ್ ನೇರ ಹೊಗೆ ಮ್ಯಾನಿಫೋಲ್ಡ್ ಮೇಲೆ ಕೂತಿದೆ. ಅಲ್ಲಿ ಒಂದು ಹನಿ ಸೋರಿದರೂ ಏನಾಗಬಹುದು ಯೋಚಿಸಿ. ಎಥನಾಲ್ ತಾಳುವ ಹೋಸ್ ಹಾಕಿಸಿ, ಕಾರ್ಬೊರೇಟರ್ ಕೆಳಗಿನ ತಗಡಿನ ಗುರಾಣಿ ಇದೆಯೇ ನೋಡಿ, ಬೆಂಕಿ ನಂದಿಸುವ ಸಣ್ಣ ಸಿಲಿಂಡರ್ ಕೈಗೆ ಸಿಗುವಲ್ಲಿ ಇಡಿ. ಬಿಸಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್ ಆವಿಯಾಗಿರುತ್ತದೆ. ನಿಲ್ಲಿಸಿದ ಮೇಲೆ ನೀರು ಸುತ್ತುವುದಿಲ್ಲ, ಗಾಳಿಯೂ ಇಲ್ಲ, ಬಾನೆಟ್ ಒಳಗೆ ಬಿಸಿ ಇನ್ನೂ ಏರುತ್ತದೆ. ಬಾನೆಟ್ ಎತ್ತಿಟ್ಟು ಕಾಯಿರಿ.

ಸಾಮಾನು ಎಲ್ಲಿ ಸಿಗುತ್ತದೆ, ಕೆಲಸ ಯಾರು ಮಾಡುತ್ತಾರೆ?

ಪುಣೆಯಲ್ಲಿ ನಾನಾ ಪೇಟೆ. ಗ್ರಮೆಟ್, ಬೀಡಿಂಗ್, ಹೋಸ್, ಕ್ಲಿಪ್ ಎಲ್ಲ ಅಲ್ಲೇ. ಹಳೆಯ ಗ್ರಮೆಟ್ ಒಂದನ್ನು ಕೈಯಲ್ಲಿ ಹಿಡಿದು ಹೋಗಿ, ಬಾಯಿ ಮಾತಿನ ಅಳತೆ ನಡೆಯುವುದಿಲ್ಲ. ಮುಂಬೈಯವರಿಗೆ ಆಪೆರಾ ಹೌಸ್ ಸುತ್ತಲಿನ ಅಂಗಡಿಗಳು, ಕುರ್ಲಾ. ನಿಮ್ಮ ಗಾಡಿಯ ಬೂಟ್ ಸಿಗದಿದ್ದರೆ ಬೇರೆ ಗಾಡಿಯದು ಹೊಂದುತ್ತದೆಯೇ ನೋಡಿ, ಒಂದು ತಗಡಿನ ಉಂಗುರ ಮಾಡಿಸಿ ಬಿಗಿದರೆ ಆಯಿತು.

ಕೆಲಸಕ್ಕೆ ಅಂಬಾಸಿಡರ್ ಕಾಲದ ಹಿರಿಯ ಮಿಸ್ತ್ರಿ ಸಿಕ್ಕರೆ ಬಿಡಬೇಡಿ. ಬಿ ಸೀರೀಸ್ ಅವರಿಗೆ ಅಂಗೈ ರೇಖೆಯಷ್ಟು ಪರಿಚಯ. ನಮ್ಮ ಮಿಸ್ತ್ರಿ ಕಾಕಾಗೆ ಎಪ್ಪತ್ತು ದಾಟಿದೆ. ಮರಾಠಿಯಲ್ಲೇ ಮಾತು, "ಹೀಟರ್ ಕಾಕ್ ಬಘಾ ಆಧೀ" ಎಂದು ಮೊದಲು ಹೇಳಿದವರು ಅವರೇ. ಮೊದಲು ಹೀಟರ್ ಕಾಕ್ ನೋಡಿ, ಎಂದು. ತೂತು ಮುಚ್ಚುವ ಕೆಲಸ ಮಾತ್ರ ನೀವೇ ಮಾಡಿ. ಅಷ್ಟು ತಾಳ್ಮೆ ದಿನಗೂಲಿಯ ಕೆಲಸದಲ್ಲಿ ನಿರೀಕ್ಷಿಸುವುದು ಸರಿಯಲ್ಲ.

ಇಷ್ಟೆಲ್ಲ ಮಾಡಿದರೆ ಎಷ್ಟು ತಂಪಾಗುತ್ತದೆ?

ನನ್ನ ಚೀಟಿಯಿಂದಲೇ ಹೇಳುತ್ತೇನೆ. ಹೊರಗೆ 38 ಡಿಗ್ರಿ ಇದ್ದ ಮಧ್ಯಾಹ್ನ, ಕಾತ್ರಜ್ ದಾಟಿ ಅರ್ಧ ಗಂಟೆ ಓಡಿಸಿದ ಮೇಲೆ, ಪಕ್ಕದ ಸೀಟಿನ ಕಾಲಿಡುವ ಜಾಗ 61 ಡಿಗ್ರಿ ಇತ್ತು. ಕಾಕ್ ಸರಿಮಾಡಿದ ಮೇಲೆ 54. ತೂತು ಮತ್ತು ಗೇರ್ ಬೂಟ್ ಮುಚ್ಚಿದ ಮೇಲೆ 48. ಗುರಾಣಿ ಹಾಕಿ, ಫೋಮ್ ಹಾಸಿದ ಮೇಲೆ 42. ಮೊದಲ ಎರಡು ಕೆಲಸಕ್ಕೆ ಸಾವಿರ ರೂಪಾಯಿಯೂ ಆಗಿರಲಿಲ್ಲ. ಹೊರಗಿನ ಗಾಳಿಗಿಂತ ತಂಪು ಏಸಿ ಇಲ್ಲದೆ ಆಗುವುದಿಲ್ಲ, ಅದನ್ನು ಕೇಳಬೇಡಿ. ಆದರೆ ಹೋದ ಮೇ ತಿಂಗಳಲ್ಲಿ ಮತ್ತೆ ಧಾರವಾಡಕ್ಕೆ ಹೋದೆವು. ಕರಾಡ್‌ನಲ್ಲಿ ಚಹಾಕ್ಕೆ ನಿಂತಾಗ ಪಕ್ಕದ ಸೀಟಿನಲ್ಲಿ ಅವಳು ಚಪ್ಪಲಿ ಬಿಟ್ಟು, ಬರಿಗಾಲು ನೆಲಕ್ಕೆ ಚಾಚಿ ನಿದ್ದೆ ಮಾಡುತ್ತಿದ್ದಳು.